ಎಂಜಲಿನ ಪರೀಕ್ಷೆ

ಚಿತ್ತಾಪುರದ ನನ್ನ ಅತ್ಯಾಳ, ಅಂದರೆ ತಂದೆಯ ತಂಗಿಯ, ಎದೆಯಲ್ಲೊಂದು ಗಂಟು ಕಾಣಿಸಿಕೊಂಡಿತ್ತು. ಕಲಬುರಗಿಗೆ ಹೋಗಿ ಸೂಜಿ ಹಾಕಿಸಿ ಪರೀಕ್ಷೆ ಮಾಡಿಸಿರೆಂದು ಊರಿನ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಪರಗಂಡಸರ ಮುಂದೆ ಸೆರಗು ಸರಿಸುವ ಮಾತೇ ಬೇಡ ಎಂದಳು ಅತ್ಯಾ. ಆಗ ಅವಳ ಮಗ ಫೋನಿನಲ್ಲಿ ಒಂದು ಜಾಹೀರಾತು ಹುಡುಕಿ ತೆಗೆದ: ಮನೆಯಲ್ಲೇ ಉಗುಳಿ ಕಳಿಸಿ, ಮೈಯಲ್ಲಿ ಎಲ್ಲಿ ಕ್ಯಾನ್ಸರ್ ಇದ್ದರೂ ಹೇಳುತ್ತೇವೆ!

ನಾನು ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಓದಿದವನು. ಎದೆಯಲ್ಲಿ ಗಡ್ಡೆಯಿದ್ದವರ ಜೊಲ್ಲಿನಲ್ಲಿ ಕೆಲವು ಪ್ರೋಟೀನುಗಳು ಹೆಚ್ಚುಕಡಿಮೆಯಾಗುತ್ತವೆ, ಅದು ಸುಳ್ಳಲ್ಲ. ರಕ್ತದಲ್ಲಿರುವುದು ಒಂದಿಷ್ಟು ಜೊಲ್ಲಿಗೂ ಇಳಿಯುತ್ತದೆ. ಆದರೆ ವಸಡು ಬಾತರೂ ಪ್ರೋಟೀನುಗಳು ಏರುಪೇರಾಗುತ್ತವೆ. ಸಂಶೋಧಕರು ಇನ್ನೂ ತಲೆ ಕೆರೆದುಕೊಳ್ಳುತ್ತಿರುವುದನ್ನು ಈ ಮಹಾಶಯರು ಡಬ್ಬಿಯಲ್ಲಿ ಹಾಕಿ ಮಾರುತ್ತಿದ್ದರು. ಡಬ್ಬಿಯ ಮೇಲೆ ಹಲ್ಲು ಬಿಟ್ಟು ನಗುವ ಕುಟುಂಬದ ಚಿತ್ರ. ಉಗುಳುವುದರಲ್ಲಿ ಅಷ್ಟು ಸುಖವಿದೆಯೆಂದು ನನಗೆ ಗೊತ್ತಿರಲಿಲ್ಲ.

ವರದಿ ಬಂತು. ಹಸಿರು ಟಿಕ್ಕು, ಅಪಾಯವಿಲ್ಲ. ಮಗ ಅದನ್ನು ವಾಟ್ಸಾಪಿನಲ್ಲಿ ಸೇಡಂನಿಂದ ಶಹಾಬಾದವರೆಗಿನ ಬಳಗಕ್ಕೆಲ್ಲ ಹಂಚಿದ. ಅತ್ಯಾ ಡಾಕ್ಟರ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು.

ನನ್ನನ್ನು ಮಾತ್ರ ಒಂದು ಚಿತ್ರ ಕಾಡುತ್ತಿತ್ತು. ಅವಳು ಉಗುಳಿ ಕೊಟ್ಟ ದಿನ ನಾನೂ ಅಲ್ಲಿದ್ದೆ. ಬಚ್ಚಲಿನ ಫರಸಿಗಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಅವಳು ಡಬ್ಬಿಯೊಳಗೆ ಬಂದಿದ್ದ ಪುಟ್ಟ ಸೀಸೆಯನ್ನು ತೊಳೆಯುತ್ತಿದ್ದಳು. ಆದರೆ ಅದು ಉಗುಳುವ ಮೊದಲೋ, ಆಮೇಲೋ? ನನ್ನ ನೆನಪು ನಂಬುವಂಥದ್ದಲ್ಲ. ವಾಡಿ ಸ್ಟೇಷನ್ನಿನಲ್ಲಿ ಕೇಳಿದ ಮಾತನ್ನು ಚಿಂಚೋಳಿಯಲ್ಲಿ ಕೇಳಿದ್ದೆಂದು ಜಗಳವಾಡಿದವನು ನಾನು. ಕಂಪನಿಯ ಮೇಲಿನ ಸಿಟ್ಟೇ ಈ ಚಿತ್ರವನ್ನು ಕಟ್ಟಿರಬಹುದು. ಅತ್ಯಾಳ ಮಗನಿಗೆ ಹೇಳಿದರೆ, "ಅಣ್ಣಾ, ನಿಂಗ ಯಾರ ಮ್ಯಾಲೂ ಭರೋಸಾ ಇಲ್ಲ. ನಿನ್ನ ಕಣ್ಣಿನ ಮ್ಯಾಲರೆ ಅದನೋ ಇಲ್ಲೋ?" ಎಂದ.

ಕಡೆಗೆ ಅವನೆದುರಿಗೇ ಅತ್ಯಾಳನ್ನು ಕೇಳಿದೆ.

"ತೊಳದೆ. ಅದರಾಗೇನದ?" ಎಂದಳು, ಬತ್ತಿ ಹೊಸೆಯುತ್ತಲೇ.

"ಉಗುಳಿದ ಮ್ಯಾಲ?"

"ಮತ್ತ? ಅಲ್ಲಿ ಪರೀಕ್ಷಾ ಮಾಡಾಕಿ ಯಾರ ಮನಿ ಹುಡುಗಿನೋ ಏನೋ, ನನ್ನ ಎಂಜಲಾ ಮುಟ್ಟಬೇಕೇನು? ಆ ಪಾಪ ನಂಗ್ಯಾಕ? ಚೊಲೋತ್ನಂಗ ತೊಳದು, ಸೀಸೆ ಮ್ಯಾಲಿನ ಗೆರಿ ತನಕಾ ನೀರು ತುಂಬಿ ಕೊಟ್ಟೆ."

ಮಗ ಎದ್ದು ನಿಂತ. "ಅವ್ವಾ! ಯಾ ನೀರು?"

"ನಳದ್ದು."

ಪುಣ್ಯಕ್ಕೆ ಚಿತ್ತಾಪುರದ ನಳದ ನೀರಿಗೆ ಕ್ಯಾನ್ಸರ್ ಇರಲಿಲ್ಲ. ಬರೀ ನೀರಿನಲ್ಲಿ ಪ್ರೋಟೀನು ಹುಡುಕಿ, ಹಸಿರು ಟಿಕ್ಕು ಹಾಕಿದ ಆ ಪ್ರಯೋಗಾಲಯಕ್ಕೆ ದೂರದಿಂದಲೇ ಕೈಮುಗಿದೆ. ಸೀಸೆಯ ಮುಚ್ಚಳವನ್ನಾದರೂ ತೆಗೆದಿದ್ದರೋ ಇಲ್ಲವೋ.

ಅತ್ಯಾ ಮೊದಲು ನಕ್ಕಳು. ಆಮೇಲೆ ಅವಳ ಕೈ ತಾನಾಗಿ ಎದೆಯ ಮೇಲೆ ಹೋಗಿ ನಿಂತಿತು.

"ಅಂದ್ರ ನಂದು ಇನ್ನೂ ಯಾರೂ ನೋಡೇ ಇಲ್ಲ."

"ಇಲ್ಲ ಅತ್ಯಾ."

"ಸೂಜಿ ಹಾಕೋರು ಹೆಣ್ಮಗಳಿದ್ದಾಳೇನು ಕೇಳು ಮೊದಲ."

ಕಲಬುರಗಿಯ ಆಸ್ಪತ್ರೆಗೆ ಫೋನ್ ಹಚ್ಚಿ ಕೇಳಿದೆ, ಇದ್ದರು. ಚೀಟಿ ಪಟದ ಹಿಂದಿನಿಂದ ಹೊರಬಂತು.

ಗಂಟಿನಲ್ಲಿ ಕ್ಯಾನ್ಸರ್ ಇತ್ತು. ಇನ್ನೂ ಹರಡಿಲ್ಲ ಎಂದರು, ಆಪರೇಷನ್ ಮಾಡಿದರು. ಕಲಬುರಗಿಯ ವಾರ್ಡಿನಲ್ಲಿ ಅವಳು ಗಂಜಿ ಕುಡಿಯುತ್ತಿದ್ದಾಗ ಮಗನ ಫೋನಿಗೆ ಕಂಪನಿಯ ಮೆಸೇಜು ಬಂತು: ಮುಂದಿನ ಪರೀಕ್ಷೆಗೆ ರಿಯಾಯಿತಿ ಇದೆ. ಅವನು ನಾಚಿಕೆಯಿಂದಲೇ ಓದಿ ಹೇಳಿದ.

"ಈ ಸಲ ಬಾವಿ ನೀರು ಕಳಸು," ಎಂದಳು ಅತ್ಯಾ. "ಅದಕ್ಕೇನಾಗ್ಯದ ನೋಡೂಣು."