ಧಾರೆ ಸೀರೆ ಕೊಡುವವಳು

ನಮ್ಮ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ವಯಸ್ಸಾಗುವ ಅವಕಾಶ ಇರುವುದು ಮಹಡಿಯ ಮೇಲೆ ಮಾತ್ರ. ಕೆಳಗೆ ನೈಟಿ, ಚೂಡಿದಾರ, ಕಾಟನ್ ಸೀರೆಗಳ ಮುಂದೆ ನಿಲ್ಲುವವರೆಲ್ಲ ನನ್ನಂಥ ಹುಡುಗಿಯರು. ಒಬ್ಬೊಬ್ಬರಾಗಿ ಮದುವೆಯಾಗಿ ಹೋಗುತ್ತಾರೆ, ಆ ಜಾಗಕ್ಕೆ ಹೊಸಬರು ಬರುತ್ತಾರೆ. ಮೇಲಿನ ರೇಷ್ಮೆ ವಿಭಾಗದಲ್ಲಿ ಇಬ್ಬರು ಗಂಡಸರಿದ್ದಾರೆ. ಅವರಲ್ಲಿ ಹಿರಿಯರಿಗೆ ತಲೆ ಪೂರ್ತಿ ನರೆತಿದೆ. ಅಂಗಡಿಯಿರುವ ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಅವರನ್ನು ಕಂಡ ಹೆಂಗಸರು, ನನ್ನ ಧಾರೆ ಸೀರೆ ಕೊಟ್ಟವರು ಇವರೇ ಎಂದು ಮಕ್ಕಳಿಗೆ ತೋರಿಸುವುದನ್ನು ನಾನೇ ನೋಡಿದ್ದೇನೆ. ನನಗೆ ಬೇಕಾದದ್ದು ಅದು.

ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಗಾಲದಲ್ಲಿ, ಮದುವೆಗಳಿಲ್ಲ, ಅಂಗಡಿಯಲ್ಲಿ ಜನವಿಲ್ಲ. ಅಂಥ ಒಂದು ಮಂಗಳವಾರ ಅಂಗಡಿಯ ಧಣಿಗಳ ಹತ್ತಿರ ಹೋಗಿ ನನ್ನನ್ನು ಮೇಲೆ ಹಾಕಿ ಎಂದು ಕೇಳಿದೆ. ಕೇಳುವ ಮೊದಲು ತಯಾರಿ ಮಾಡಿಕೊಂಡಿದ್ದೆ. ಸಂಜೆ ಸಿದ್ಧಕಟ್ಟೆಯ ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ದಿನಚರಿಯಲ್ಲಿ ಎರಡು ಅಂಕಣ ತುಂಬಿಸುವುದು ನನ್ನ ಕ್ರಮ: ಬಿಚ್ಚಿ ತೋರಿಸಿದ್ದು, ಮಾರಿ ಹೋದದ್ದು. ಕಾಟನ್ ವಿಭಾಗದಲ್ಲಿ ನಾನು ಬಿಚ್ಚಿದ ಸೀರೆಗಳಿಗೆ ಹೋಲಿಸಿದರೆ ಹೋದವು ಉಳಿದವರಿಗಿಂತ ಹೆಚ್ಚು ಎಂದು ಲೆಕ್ಕ ತೋರಿಸಿದೆ. ಧಣಿಗಳು ಕನ್ನಡಕ ತೆಗೆದು ಒರೆಸಿಕೊಂಡರು.

"ದೀಪಾವಳಿ ಕಳೀಲಿ, ನೋಡುವ. ಆದ್ರೆ ಒಂದು ಮಾತು. ರೇಷ್ಮೆ ಅಂದ್ರೆ ಧಾರೆ ಸೀರೆ. ಈ ಸೀಸನ್‌ನಲ್ಲಿ ನೀನೇ ಕೂತು ಒಂದಾದ್ರೂ ಧಾರೆ ಸೀರೆ ಕೊಡ್ಬೇಕು. ಇಲ್ಲದಿದ್ರೆ ಪುನಃ ಕೆಳಗೆ."

ಮನೆಯಲ್ಲಿ ಬೇರೆಯೇ ಮಾತು ನಡೆಯುತ್ತಿತ್ತು. ಮೂಡುಬಿದಿರೆಯಲ್ಲಿರುವ ನನ್ನ ಸೋದರಮಾವ ಒಂದು ಸಹಕಾರಿ ಸಂಘದಲ್ಲಿ ನನಗೆ ಗುಮಾಸ್ತೆಯ ಕೆಲಸ ನೋಡಿದ್ದರು. ಬಿ.ಕಾಂ. ಕಲಿತವಳಿಗೆ ಕುರ್ಚಿ, ಮೇಜು, ಐದೂವರೆಗೆ ಮನೆ. ಸೇಲ್ಸ್ ಗರ್ಲ್ ಎಂದರೆ ಕೆಲಸ ಸಿಗುವವರೆಗಿನ ಕೆಲಸ ಎಂಬುದು ಅವರ ಅಭಿಪ್ರಾಯ. ಅಮ್ಮನದ್ದೂ ಅದೇ. ವರ್ಷದ ಕೊನೆಯೊಳಗೆ ಉತ್ತರ ಹೇಳಬೇಕಿತ್ತು. ಮೇಲಿನ ಜಾಗ ಸಿಗದಿದ್ದರೆ ಅವರ ಮಾತಿಗೆ ನನ್ನಲ್ಲಿ ಎದುರುತ್ತರವಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಮಹಡಿ ಹತ್ತಿದೆ. ಅಲ್ಲಿ ಗಿರಾಕಿಗಳು ಚಪ್ಪಲಿ ಬಿಟ್ಟು ಬಿಳಿ ಹಾಸಿನ ಮೇಲೆ ಕೂರುತ್ತಾರೆ. ನಾವು ಎದುರು ಕೂತು ಸೀರೆ ಬಿಡಿಸಬೇಕು. ಮೊದಲ ವಾರವೇ ಮೂಡುಬಿದಿರೆ ಕಡೆಯ ಒಂದು ಕುಟುಂಬ ನನ್ನ ಮುಂದೆ ಕೂತಿತು. ನಮ್ಮ ಕಡೆ ಧಾರೆಯ ಹೊತ್ತಿಗೆ ಮದುಮಗಳು ಉಡುವ ಸೀರೆಯನ್ನು ತರುವುದು ಗಂಡಿನವರು. ಹುಡುಗಿ ಬಂದಿರಲಿಲ್ಲ. ಹುಡುಗನ ತಾಯಿಯ ಕಣ್ಣು ಒಂದು ಕುಂಕುಮ ಬಣ್ಣದ ಸೀರೆಯ ಮೇಲೆ ನಿಂತಿತ್ತು. ಕೆಳಗೆ ಮಾಡುತ್ತಿದ್ದಂತೆ ನಾನು ಎದ್ದು, ನೆರಿಗೆ ಹಿಡಿದು, ಸೆರಗನ್ನು ನನ್ನ ಹೆಗಲಿಗೆ ಹಾಕಿ ತೋರಿಸಿದೆ. ಚೆನ್ನಾಗಿ ಕಾಣುತ್ತಿತ್ತು. ಆದರೆ ಆ ತಾಯಿಯ ಮುಖ ಬಾಡಿತು.

"ಇನ್ನು ಅದು ಬೇಡ ಮಗಾ. ನೀನು ಉಟ್ಟಾಯ್ತಲ್ಲ," ಎಂದರು.

ಸೀರೆಗೆ ಏನೂ ಆಗಿಲ್ಲ ಎಂದು ನಾನು ಹೇಳಿದ್ದು ಅವರಿಗೆ ಉತ್ತರವೇ ಆಗಿರಲಿಲ್ಲ. ಧಾರೆ ಸೀರೆಯನ್ನು ಮದುಮಗಳಿಗಿಂತ ಮೊದಲು ಇನ್ನೊಬ್ಬ ಹೆಂಗಸು ಮೈಮೇಲೆ ಹಾಕಿಕೊಳ್ಳಬಾರದು ಎಂಬುದು ಅವರ ಮನೆಯ ಕ್ರಮ. ಬೇರೆ ಸೀರೆ ತೋರಿಸುತ್ತೇನೆಂದರೂ ಕೂರಲಿಲ್ಲ. ಊರಲ್ಲೇ ನೋಡುತ್ತೇವೆ ಎಂದು ಇಳಿದುಹೋದರು.

ಆಮೇಲೆ ಮಹಡಿಯ ಆ ನರೆತ ತಲೆಯ ಹಿರಿಯರನ್ನು ಹೀಗೇಕೆ ಎಂದು ಕೇಳಿದೆ. ಅವರು ಇಷ್ಟು ವರ್ಷಗಳಿಂದ ಪ್ಯಾಂಟಿನ ಮೇಲೆಯೇ ಸೀರೆ ಸುತ್ತಿಕೊಂಡು, ಬೋಳು ಕೈಯಲ್ಲಿ ಸೆರಗು ಹರಡಿ ತೋರಿಸುತ್ತಿದ್ದವರು. ಯಾರೂ ಬೇಡ ಎಂದದ್ದಿಲ್ಲ.

"ನಾನು ಹಾಕಿದ್ರೆ ತೋರಿಸಿದ ಹಾಗೆ," ಎಂದರು ಅವರು. "ನೀನು ಹಾಕಿದ್ರೆ ಉಟ್ಟ ಹಾಗೆ. ಅದಕ್ಕೇ ಮಾರಾಯ್ತಿ, ಇಲ್ಲಿ ಹೆಂಗಸರನ್ನು ಇಡುದಿಲ್ಲ."

ಅವರು ಬೇಸರದಿಂದ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಅದೇ ಕಾರಣವಾದರೆ ಅದಕ್ಕೊಂದು ಉಪಾಯವೂ ಇರಬೇಕು ಎಂದುಕೊಂಡೆ. ಕೆಳಗಿನಿಂದ ಬಟ್ಟೆ ತೊಡಿಸಿ ನಿಲ್ಲಿಸುವ ಒಂದು ಬೊಂಬೆಯನ್ನು ಹೊತ್ತು ತಂದೆ. ಬೊಂಬೆಗೆ ಏನು ಹಾಕಿದರೂ ಚಂದ ಎಂದು ಗಿರಾಕಿಯೊಬ್ಬರು ಮುಖ ತಿರುಗಿಸಿದರು. ಸೀರೆಯನ್ನು ಹಾಸಿನ ಮೇಲೆಯೇ ನೆರಿಗೆ ಬೀಳುವ ಹಾಗೆ ಬೀಸಿ ಹರಡುವುದನ್ನು ಕಲಿತೆ. ಅದರಿಂದ ಮದುಮಗಳ ತಾಯಿಗೆ, ಅತ್ತಿಗೆಗೆ ಎಂದು ಬೇರೆ ರೇಷ್ಮೆ ಸೀರೆಗಳು ಹೋದವು. ಧಾರೆ ಸೀರೆ ಎಂದ ಕೂಡಲೇ ಜನ ಗಂಡಸರ ಕಡೆ ತಿರುಗುತ್ತಿದ್ದರು. ಡಿಸೆಂಬರ್ ಅರ್ಧ ಕಳೆದಾಗಲೂ ನನ್ನ ಅಂಕಣದಲ್ಲಿ ಒಂದೂ ಧಾರೆ ಸೀರೆ ಇರಲಿಲ್ಲ. ಮಾವ ಎರಡು ಸಲ ಫೋನ್ ಮಾಡಿದ್ದರು.

ಒಂದು ಶುಕ್ರವಾರ ಮಧ್ಯಾಹ್ನ ಬೆಳ್ತಂಗಡಿಯಿಂದ ನಾಲ್ವರು ಬಂದರು: ಮದುಮಗ, ಅವನ ತಾಯಿ, ಅಕ್ಕ ಮತ್ತು ದೊಡ್ಡಮ್ಮ. ಹಿರಿಯರು ರಜೆಯಲ್ಲಿದ್ದರು, ಇನ್ನೊಬ್ಬರ ಮುಂದೆ ದೊಡ್ಡ ಗುಂಪಿತ್ತು. ಬೇರೆ ದಾರಿಯಿಲ್ಲದೆ ನನ್ನ ಮುಂದೆ ಕೂತರು. ದೊಡ್ಡಮ್ಮ ಕೂರುವಾಗಲೇ ಎಚ್ಚರಿಸಿದರು: "ಸೀರೆ ತೋರಿಸು, ಮೈಮೇಲೆ ಮಾತ್ರ ಹಾಕ್ಬೇಡ."

ಹೆಚ್ಚು ಬಿಚ್ಚಿದರೆ ಜನರಿಗೆ ತಲೆ ಕೆಡುತ್ತದೆ ಎಂದು ನನ್ನ ಲೆಕ್ಕದಿಂದಲೇ ಗೊತ್ತಿದ್ದುದರಿಂದ ಕೆಲವನ್ನೇ ಬಿಡಿಸಿದೆ. ಬೇಗನೆ ಎರಡಕ್ಕೆ ಬಂದು ನಿಂತರು, ಒಂದು ಅಚ್ಚ ಕೆಂಪು, ಇನ್ನೊಂದು ಹಸಿರಂಚಿನ ಅರಶಿನ ಬಣ್ಣದ್ದು. ಅಲ್ಲಿಂದ ಮುಂದೆ ಹೋಗಲಿಲ್ಲ. ತಾಯಿಗೆ ಕೆಂಪು, ದೊಡ್ಡಮ್ಮನಿಗೆ ಅರಶಿನ. ಉಟ್ಟರೆ ಹೇಗೆ ಕಾಣುತ್ತದೋ ಏನೋ ಎಂದು ಇಬ್ಬರೂ ಅದನ್ನೇ ಹೇಳುತ್ತಿದ್ದರು. ಹುಡುಗಿಗೆ ರಜೆ ಸಿಕ್ಕಿರಲಿಲ್ಲವಂತೆ. ಆ ಇನ್ನೊಬ್ಬರಿಗೆ ಬಿಡುವಾಗುವವರೆಗೆ ಕಾಯುವ ಎಂದು ತಾಯಿ ಹೇಳಿದಾಗ ನಾನು ಸುತ್ತ ಕಣ್ಣಾಡಿಸಿದೆ.

ಮದುಮಗ ಮೂಲೆಯಲ್ಲಿ ಗೋಡೆಗೆ ಒರಗಿ ಕೂತು ಮೊಬೈಲ್ ನೋಡುತ್ತಿದ್ದ. ಆರಡಿ ಎತ್ತರ, ದಪ್ಪ ಮೀಸೆ. ನಾನು ದೊಡ್ಡಮ್ಮನಿಗೆ ಕೇಳಿದೆ: "ಇವರ ಮೈಮೇಲೆ ಹಾಕಿದ್ರೆ ಆಗ್ತದಾ?"

ಅಕ್ಕ ಆಗಲೇ ನಗಲು ಸುರು ಮಾಡಿದ್ದಳು. ದೊಡ್ಡಮ್ಮ ನಗಲಿಲ್ಲ. ಅವನನ್ನು ಮೇಲಿಂದ ಕೆಳಗೆ ನೋಡಿದರು. "ಗಂಡಸು ಹಾಕಿದ್ರೆ ಉಟ್ಟದ್ದು ಅಂತ ಆಗುದಿಲ್ಲ. ಅದೂ ಸೀರೆ ಕೊಡುವವನೇ ಅಲ್ವಾ. ಏಳು ಮಾರಾಯ."

"ನಾನಾ?" ಎಂದ ಅವನು.

"ಈಗಲೇ ಅಭ್ಯಾಸ ಮಾಡಿಕೊ. ಇನ್ನು ಅವಳು ನಿಲ್ಲು ಅಂದಲ್ಲಿ ನಿಲ್ಲುದೇ," ಎಂದಳು ಅಕ್ಕ.

ಟೈಲರ್ ಅಳತೆ ತೆಗೆಯುವಾಗ ನಿಲ್ಲುವ ಹಾಗೆ ಅವನು ಕೈಗಳನ್ನು ಎತ್ತಿ ನಿಂತ. ಸೆರಗು ಹೆಗಲಿಗೆ ಎಟುಕಲೆಂದು ನಾನು ಸ್ಟೂಲ್ ಹತ್ತಿದೆ. ಜೀನ್ಸ್ ಪ್ಯಾಂಟಿನ ಮೇಲೆ ನೆರಿಗೆಯನ್ನು ಅಕ್ಕನ ಕೈಯಲ್ಲಿ ಹಿಡಿಸಿದೆ. ಮೊದಲು ಕೆಂಪು, ಆಮೇಲೆ ಅರಶಿನ. ಅರಶಿನ ಬಣ್ಣ ಬೆಳಕಿಗೆ ಬಂದಾಗ ತಾಯಿ ತಾವಾಗಿಯೇ ಕೆಂಪನ್ನು ಪಕ್ಕಕ್ಕೆ ಸರಿಸಿದರು. ಅಕ್ಕ ಫೋಟೊ ತೆಗೆದು ಹುಡುಗಿಗೆ ಕಳಿಸಿದಳು. ಉತ್ತರ ಬಂದದ್ದನ್ನು ಅವಳೇ ಗಟ್ಟಿಯಾಗಿ ಓದಿದಳು: "ಸೀರೆ ಇದೇ ಇರ್ಲಿ. ಉಟ್ಟವರನ್ನು ಬದಲಾಯಿಸ್ಲಿಕ್ಕೆ ಆಗ್ತದಾ ಕೇಳಿ."

ಆಗ ದೊಡ್ಡಮ್ಮನೂ ನಕ್ಕರು. ಸೀರೆ ಹೋಯಿತು.

ಸಂಜೆ ಧಣಿಗಳು ಕರೆದರು. ಗದ್ದಲ ಅವರಿಗೆ ಕೆಳಗೇ ಕೇಳಿಸಿತ್ತು. ಎಲ್ಲ ಮದುಮಗಂದಿರೂ ಹೀಗೆ ನಿಲ್ಲುವುದಿಲ್ಲ ಎಂದರು. ಮದುಮಗ ನಿಲ್ಲದಿದ್ದರೆ ಅವನ ಅಣ್ಣನನ್ನು, ಅವನೂ ಇಲ್ಲದಿದ್ದರೆ ಅಪ್ಪನನ್ನು ನಿಲ್ಲಿಸುತ್ತೇನೆ ಎಂದೆ. ಅವರು ಹೊಗಳಲಿಲ್ಲ. ಸೋಮವಾರದಿಂದ ಹಾಸಿನ ಎಡಬದಿ ಖಾಯಂ ನಿನ್ನದು ಎಂದು ಮಾತ್ರ ಹೇಳಿದರು.

ಸೋಮವಾರ ಬೆಳಿಗ್ಗೆಯೇ ಅಂಗಡಿಯ ಮಹಡಿಯಿಂದ ಮಾವನಿಗೆ ನಾನಾಗಿ ಫೋನ್ ಮಾಡಿದೆ. ಸಂಘದ ಕೆಲಸಕ್ಕೆ ಬರುವುದಿಲ್ಲ ಎಂದೆ. ಅವರಿಗೆ ಸಿಟ್ಟು ಬಂದದ್ದು ಗೊತ್ತಾಯಿತು. ನನಗಾಗಿ ನಾಲ್ಕು ಜನರ ಹತ್ತಿರ ಕೇಳಿಕೊಂಡವರು ಅವರು.

"ಸೀರೆ ಮಡಚಿಕೊಂಡು ಎಷ್ಟು ವರ್ಷ ಇರ್ತಿ?" ಎಂದು ಕೇಳಿದರು.

"ಮುದುಕಿ ಆಗುವವರೆಗೆ ಮಾವ," ಎಂದೆ.

ಅಷ್ಟರಲ್ಲಿ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಗಿರಾಕಿ ಬಂದರು, ಸಂಜೆ ಮಾಡುತ್ತೇನೆ ಎಂದು ಹೇಳಿ ಇಟ್ಟೆ. ಏಳೆಂಟು ಜನ ಹತ್ತಿ ಬರುತ್ತಿದ್ದರು. ಹಾಸಿನ ಸುಕ್ಕು ತೆಗೆಯುತ್ತಾ, ಅವರಲ್ಲಿ ಮದುಮಗ ಯಾರಿರಬಹುದು ಎಂದು ಹುಡುಕಿದೆ.