ಹೊಳೆಯಲ್ಲಿ ಹಾಕಿದ ಲಾರಿ ಗಂಟು

ಹೋದ ವಾರ ಹರೂರಿನ ಎಣ್ಣೆ ಮಿಲ್ಲಿನ ಮುಂದೆ ಬಸ್ಸಿಗೆ ಕಾಯ್ತಾ ನಿಂತಿದ್ದೆ. ಒಳಗಿಂದ ಕಡ್ಲೆಕಾಯಿ ಹಿಂಡಿಯ ವಾಸನೆ ಬಂತು. ಬೇರೆಯವರಿಗೆ ಅದು ದನದ ಮೇವಿನ ವಾಸನೆ. ನನಗೆ ಹೊಳೆ ನೆನಪಾಯ್ತು. ನಮ್ಮ ಎದುರುಮನೆ ಮಾವ ಸೀಗಡಿ ಹಿಡಿಯೋ ಬುಟ್ಟಿಯೊಳಗೆ ಎರೆಗೆ ಅಂತ ಇಡ್ತಿದ್ದದ್ದು ಇದೇ ಹಿಂಡಿ...

ಸ್ವಂತ ಮಾವ ಅಲ್ಲ. ಶಂಕಗಿರಿಯಲ್ಲಿ ಲಾರಿ ಓಡಿಸಿ ಓಡಿಸಿ, ಸ್ಟೇರಿಂಗ್ ಬಿಟ್ಟಮೇಲೆ ಅವರಿಗೆ ಹತ್ತಿದ ಹುಚ್ಚು ಈ ಸೀಗಡಿ ಹಿಡಿಯೋದು. ಮಾರೋಕಲ್ಲ, ಬರೀ ಖುಷಿಗೆ. ಭಾನುವಾರ ಬಂತಂದ್ರೆ ನನ್ನ ಬೈಕ್ ಹಿಂದೆ ಕೂತು ಮೇಟೂರು ಡ್ಯಾಮಿನ ಕೆಳಗಿನ ಹೊಳೆಗೆ ಹೊರಡೋರು. ಎರಡು ಬಂಡೆ ನಡುವೆ ನೀರು ನುಗ್ಗೋ ಕಡೆ ಬಿದಿರು ಬುಟ್ಟಿ ಮುಳುಗಿಸಿ, ಅದರ ಹಗ್ಗವನ್ನ ಬಂಡೆಗೆ ಕಟ್ಟೋರು. ಒಳಗೆ ಹೋದ ಸೀಗಡಿಗೆ ಹೊರಗೆ ಬರೋ ದಾರಿ ಸಿಗ್ತಿರಲಿಲ್ಲ. ನಿಂತ ನೀರಲ್ಲೇ ಹಾಕಿ ಮಾವ ಅಂತ ನಾನಂದ್ರೆ, "ನಿಂತ ನೀರಾಗೆ ಎಮ್ಮೆ ಸಿಗ್ತವೆ, ಪೋಡಾ" ಅನ್ನೋರು. ಆ ಮನುಷ್ಯನಿಗೆ ಭಯ ಅನ್ನೋದೇ ಗೊತ್ತಿಲ್ಲ ಅಂತ ಬೀದಿಯೆಲ್ಲ ನಂಬಿತ್ತು, ನಾನು ಅತ್ತೆ ಅನ್ನೋ ಅವರ ಹೆಂಡತಿಯೂ ಸೇರಿ.

ಒಂದು ಭಾನುವಾರ ಡ್ಯಾಮಿಂದ ನೀರು ಬಿಡ್ತಾರೆ ಅಂತ ಸೈರನ್ ಕೂಗಿತು. ಎಲ್ಲರೂ ದಡ ಹತ್ತಿದ್ರು. ಇವರು ಮಾತ್ರ, "ಬುಟ್ಟಿ ಎತ್ಕಂಡು ಬತ್ತೀನಿ, ಇರು" ಅಂತ ಇಳಿದರು. ಬೇಡ ಅಂದೆ. ಕೇಳೋ ಜೀವವಾ ಅದು? ಬೈಕೊಂಡು ನಾನೂ ಹಿಂದೆ ಇಳಿದೆ. ಅವರು ಬಂಡೆಯಿಂದ ಹಗ್ಗ ಬಿಚ್ಚಿ, ಎರಡೂ ಕೈ ಖಾಲಿ ಇರಲಿ ಅಂತ ಸೊಂಟಕ್ಕೆ ಸುತ್ತಿ ಗಂಟು ಹಾಕಿದರು. ಲೋಡಿನ ಮೇಲೆ ತಾರ್ಪಾಲ್ ಕಟ್ಟೋವಾಗ ಲಾರಿಯವರು ಹಾಕ್ತಾರಲ್ಲ, ಎಳೆದಷ್ಟೂ ಬಿಗಿಯೋ ಗಂಟು, ಅದು. ಜೀವಮಾನವೆಲ್ಲ ಅದನ್ನೇ ಹಾಕಿದ ಕೈಗೆ ಇನ್ಯಾವುದು ಬಂದೀತು?

ನೀರು ಏರಿತು. ಬುಟ್ಟಿ ಸಂದಿಯಿಂದ ಕಿತ್ಕೊಂಡು ಸೆಳವಿಗೆ ಸಿಕ್ತು, ಹಗ್ಗ ಮಾವನನ್ನೂ ಎಳೀತು. ನಾನು ಒಂದು ಕೈಲಿ ಬಂಡೆ ತಬ್ಬಿ, ಇನ್ನೊಂದರಲ್ಲಿ ಅವರ ಕೈ ಹಿಡಿದೆ. ನೀರು ಅವರ ಎದೆಮಟ್ಟ ಬಂದಿತ್ತು. ಗಂಟಿಗೆ ಉಗುರು ಹಾಕಿದರು, ಅದು ಜಪ್ಪಯ್ಯ ಅನ್ನಲಿಲ್ಲ. ಚಾಕು ದಡದ ಮೇಲಿನ ಚೀಲದಲ್ಲಿತ್ತು.

"ನೀ ಇಡ್ಕಂಡಷ್ಟೂ ಬಿಗೀತೈತೆ. ನಾನೇ ಬುಟ್ಟಿ ಕಡೆ ಓದ್ರೆ ಅಗ್ಗ ಸಡ್ಲ ಆಯ್ತದೆ. ಬಿಡ್ಲಾ" ಅಂದರು.

ಮಾತು ಸರಿಯೇ. ಆದರೆ ಹೇಗೆ ಬಿಡಲಿ... ಕಣ್ಣು ಮುಚ್ಚಿ ಕೈ ಬಿಚ್ಚಿದೆ. ಅವರು ಹೋಗಲಿಲ್ಲ. ಅವರ ಬೆರಳು ನನ್ನ ಮಣಿಕಟ್ಟನ್ನ ಕಚ್ಚಿ ಹಿಡಿದಿದ್ದವು, ಗಡಗಡ ನಡುಗ್ತಿದ್ದವು. ದನಿ ಮಾತ್ರ ಗಟ್ಟಿಯಾಗೇ ಇತ್ತು, "ಬಿಡು, ಬಿಡು" ಅಂತಲೇ ಇದ್ದರು.

"ಮಾವ, ನಾನು ಬಿಟ್ಟಿದ್ದೀನಿ" ಅಂದೆ.

ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ಬಿಟ್ಟರು. ತಲೆ ಮುಳುಗಿತು. ಮನೆದೇವರ ಹೆಸರೂ ನನ್ನ ಬಾಯಿಗೆ ಬರಲಿಲ್ಲ... ಕೊನೆಗೆ ಕೆಳಗಿನ ಬಂಡೆ ಹತ್ರ ತಲೆ ಎದ್ದಿತು. ಬಂಡೆ ತಬ್ಬಿಕೊಂಡಿದ್ದರು, ಸೊಂಟದಲ್ಲಿ ಹಗ್ಗ ಇರಲಿಲ್ಲ. ದಡಕ್ಕೆ ಎಳೆದು ಹಾಕಿದಾಗ ಕೆಮ್ಮಿ ಕೆಮ್ಮಿ ಅಂದದ್ದು ಒಂದೇ ಮಾತು, "ಮನೇಲಿ ಏಳ್ಬ್ಯಾಡ." ಬುಟ್ಟಿ ಕೊಚ್ಕೊಂಡು ಹೋಯ್ತು ಅಂತ ಮಾತ್ರ ಅತ್ತೆಗೆ ಹೇಳಿದ್ವಿ.

ಮಾವ ಈಗಿಲ್ಲ. ಹೋದ ವರ್ಷ ನಿದ್ದೆಯಲ್ಲೇ ಹೋದರು. ಹರೂರಿಂದ ಬಂದವನು ನೇರ ಅತ್ತೆ ಹತ್ರ ಹೋಗಿ ಎಲ್ಲ ಹೇಳಿಬಿಟ್ಟೆ, ನಡುಗಿದ ಬೆರಳಿನ ಮಾತೂ ಸೇರಿಸಿ. ಬೈತಾರೆ ಅಂದುಕೊಂಡಿದ್ದೆ.

"ಎದರಿದ್ರಾ ಅವ್ರು?" ಅಂದರು.

"ಹೂಂ ಅತ್ತೆ. ತುಂಬಾ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಅವ್ರು ಲಾರಿ ಎತ್ಕಂಡು ಓದಾಗೆಲ್ಲ ನಾನೊಬ್ಳೇ ಎದರ್ಕಂಡು ಕೂತಿರ್ತೀನಿ ಅನ್ಕಂಡಿದ್ದೆ ಕಣಪ್ಪ. ಬಯ ಆಯ್ತದೆ ಅಂತ ನನ್ ತಾವ ಒಂದ್ ಮಾತು ಏಳಿದ್ರೆ, ನಾನೂ ಆ ಕೈ ಇಡ್ಕಂತಿದ್ದೆ."