ಕೆಂಪಜ್ಜಿಯ ಆದೇಶ

ಮೊನ್ನೆ ಹಳೆಯ ರೆಕ್ಸಿನ್ ಬ್ಯಾಗು ಕೊಡವಿದಾಗ ಒಣಗಿದ ಬೇವಿನ ಕಡ್ಡಿಯೊಂದು, ಮಡಚಿಟ್ಟ ಸರ್ಕಾರಿ ನಮೂನೆಯೊಂದು ಜೊತೆಗೇ ಬಿದ್ದವು. ನಮೂನೆಯ ಗೆರೆಗಳೆಲ್ಲ ಖಾಲಿ. ನಾನು ಅದನ್ನು ತುಂಬದಂತೆ ಮಾಡಿದವಳು ಕೆಂಪಜ್ಜಿ.

ನಾನಾಗ ರಾಮನಗರದ ಕಡೆ ಆರೋಗ್ಯ ನಿರೀಕ್ಷಕ. ಬಿಡದಿ ಸುತ್ತಲ ಹಿಪ್ಪುನೇರಳೆ ತೋಟಗಳು ಕಾರ್ಖಾನೆಗಳಾಗುತ್ತಿದ್ದವು. ದನದ ಕೊಟ್ಟಿಗೆಗೂ ಶೀಟು ಹೊದಿಸಿ ಕಾರ್ಮಿಕರಿಗೆ ಬಾಡಿಗೆಗೆ ಕೊಡುವ ಕಾಲ. ಅಂಟುರೋಗ ಬಂದವರನ್ನು ಬೇರೆ ಇರಿಸುವ ಅಧಿಕಾರ ಕಾನೂನಿನಿಂದ ನಮಗಿತ್ತು. ಹೊಸ ಕೆಲಸ, ಹೊಸ ಮೊಹರು. ಮೊಹರಿನ ಭಾರಕ್ಕೆ ನನ್ನ ನಡಿಗೆಯೇ ವಾಲುತ್ತದೆಂದು ಹೆಂಡತಿ ನಗುತ್ತಿದ್ದಳು.

ಕೆಂಪಜ್ಜಿಯ ಬಾಡಿಗೆದಾರನಿಗೆ ಮೈತುಂಬ ಗುಳ್ಳೆ ಎದ್ದಿದೆ, ಬೆಂಗಳೂರಿನ ಆಸ್ಪತ್ರೆಗೆ ಸಾಗಿಸಿ ಎಂದು ಕಾರ್ಖಾನೆಯವರು ಹೇಳಿಕಳಿಸಿದರು. ಹೋದೆ. ಬಾಗಿಲಿಗೆ ಕಟ್ಟಿದ್ದ ಬೇವಿನ ಸೊಪ್ಪನ್ನು ಕೈಯಿಂದ ಸರಿಸಿ, ಬೂಟುಗಾಲಲ್ಲೇ ಒಳನುಗ್ಗಿ, ರೋಗಿಯ ಪಕ್ಕ ಕೂತು ಬೇರೆ ಇರಿಸುವ ಆದೇಶದ ನಮೂನೆ ಬಿಡಿಸಿದೆ. ಚಿಕನ್‌ಪಾಕ್ಸ್, ಊರವರ ಬಾಯಲ್ಲಿ ‘ಅಮ್ಮ’. ಪೆನ್ನು ತೆಗೆಯುವಷ್ಟರಲ್ಲಿ ಹಿಂದಿನಿಂದ ಅಜ್ಜಿಯ ದನಿ.

“ಬಾಕ್ಲಲ್ಲಿ ಸೊಪ್ಪು ಕಟ್ಟಿವ್ನಿ, ಕಾಣಾಕಿಲ್ವೇನಪ್ಪಾ? ನಿಂಗೆ ಮುಂಚೆ ಅಮ್ಮ ಬಂದಿದ್ಲಾ?”

ಇಲ್ಲವೆಂದೆ. ಮನೆಯಲ್ಲಿ ಯಾರಿದ್ದಾರೆ ಎಂದಳು. ಹೆಂಡತಿ, ತುಂಬು ಬಸುರಿ ಎಂದೆ.

“ಅಂಗಾರೆ ಮೂರು ವಾರ ಮನೆ ಕಡೆ ತಲೆ ಹಾಕ್ಬ್ಯಾಡ. ಆಫೀಸರ್ರು ಅಂತ ಅಮ್ಮ ಬುಟ್‌ಬುಡಾಕಿಲ್ಲ ಕಣಪ್ಪ.”

ನಗಬೇಡಿ. ಬಾಗಿಲ ಸೊಪ್ಪು ಕಂಡು ಆ ಮನೆಗೆ ನೆಂಟರಿಷ್ಟರು ಯಾರೂ ಕಾಲಿಟ್ಟಿರಲಿಲ್ಲ. ಎಳವೆಯಲ್ಲೇ ಅಮ್ಮ ಬಂದು ಹೋಗಿದ್ದ ಅಜ್ಜಿಯೊಬ್ಬಳೇ ಗಂಜಿ ಕೊಡುತ್ತಿದ್ದಳು. ಕಾನೂನು ಕೇಳುವುದೆಲ್ಲ ಅಲ್ಲಿ ಆಗಲೇ ನಡೆದಿತ್ತು, ಮುರಿದವನು ನಾನೊಬ್ಬನೇ. ನಮೂನೆ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಅವಮಾನವೆನಿಸಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಹೆಂಡತಿಗೆ ಫೋನ್ ಮಾಡಿ ಕನಕಪುರದ ತವರಿಗೆ ಹೋಗೆಂದೆ. ನಾನು ಕಚೇರಿಯ ಉಗ್ರಾಣದಲ್ಲಿ, ಬ್ಲೀಚಿಂಗ್ ಪೌಡರ್ ಚೀಲಗಳ ನಡುವೆ ಚಾಪೆ ಹಾಸಿದೆ. ಹನ್ನೆರಡನೆಯ ದಿನ ಮಗಳು ಹುಟ್ಟಿದಳೆಂದು ಸುದ್ದಿ ಬಂತು. ಓಡಿಹೋಗಿ ನೋಡಬೇಕೆಂದು ಜೀವ ಒದ್ದಾಡಿತು. ಹೋಗಲಿಲ್ಲ. ಹದಿನಾಲ್ಕನೆಯ ದಿನ ಕನ್ನಡಿ ನೋಡಿದರೆ ಹಣೆಯ ಮೇಲೆ ಗುಳ್ಳೆ!

ಅಜ್ಜಿಗೆ ಹೇಳಿಕಳಿಸಿದೆ. ಗಂಜಿ ಹೊತ್ತು ಬಂದಳು. ಬರುತ್ತಲೇ ಸರ್ಕಾರಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ನನ್ನ ಮೇಲಧಿಕಾರಿಗಳೂ ಅದನ್ನು ದಾಟಲಿಲ್ಲ. ಗುಣವಾಗಿ ಹೊರಟಾಗ ಅದರದೊಂದು ಕಡ್ಡಿ ಮುರಿದು ಬ್ಯಾಗಿಗೆ ಹಾಕಿಕೊಂಡೆ. ಮಗಳ ಮುಖ ನೋಡಿದ್ದು ಅವಳು ತಿಂಗಳ ಕೂಸಾದ ಮೇಲೆ.

ಮೊನ್ನೆ ಅದೇ ಮಗಳು ನಮೂನೆ ಎತ್ತಿಕೊಂಡು ಇದು ಯಾರದಪ್ಪಾ ಎಂದಳು. ಪೆನ್ನು ತರಿಸಿದೆ. ಬೇರೆ ಇರಿಸಬೇಕಾದವರು ಎಂಬಲ್ಲಿ ನನ್ನ ಹೆಸರು ಬರೆದೆ. ಆದೇಶಿಸಿದ ಅಧಿಕಾರಿ ಎಂಬಲ್ಲಿ ಕೆಂಪಜ್ಜಿಯದು. ಕಾರಣ ಎಂಬ ಕೊನೆಯ ಗೆರೆಯ ಮೇಲೆ ಮಗಳ ಹೆಸರು ಬರೆದು ಅವಳ ಕೈಗೇ ಕೊಟ್ಟೆ.